ಹಾವೋ, ಹಾವುರಾಣಿಯೋ?

ಮಳೆ ಹಿಂದೆಗೆದ ಮೇಲಿನ ಭಾನುವಾರಗಳಲ್ಲಿ ನಾವು ಕೆಲವರು ಬೋರಿವಲಿಯ ಕಾಡಿಗೆ ಹೋಗಿ, ಕಾನ್ಹೇರಿ ಗುಹೆಗಳವರೆಗೆ ನಡೆದು ಬರುವುದುಂಟು. ಒಮ್ಮೆ ದಾರಿಯ ಬದಿಯ ತರಗೆಲೆಯಲ್ಲಿ ಏನೋ ಸರಕ್ಕನೆ ಹರಿಯಿತು. ನುಣುಪು ಮೈ, ಕಂಚಿನ ಹೊಳಪು. ಜೊತೆಯಲ್ಲಿದ್ದ ಮಿತ್ರರೊಬ್ಬರು "ಹಾವು!" ಎಂದು ಕಲ್ಲೆತ್ತಿಯೇ ಬಿಟ್ಟರು. ಅದು ಹಾವುರಾಣಿ. ಊರಿನಲ್ಲಿ ಅದಕ್ಕೆ ವಿಷವಿದೆಯೆಂದು ಕೇಳುತ್ತ ಬೆಳೆದವರು ನಾವು. ಹುಡುಗರಾಗಿದ್ದಾಗ ಕೋಲಿನಿಂದ ಬಡಿದು ಕೊಂದದ್ದೂ ಉಂಟು. ನಿಜವಾಗಿ ಅದಕ್ಕೆ ಲವಲೇಶವೂ ವಿಷವಿಲ್ಲ. ಹುಳುಹುಪ್ಪಟೆ ತಿಂದು ಬದುಕುವ ಬಡಪ್ರಾಣಿ, ಹಲ್ಲಿಯ ಬಳಗದ್ದು.

ಗುರುತಿಸುವುದು ಹೇಗೆ? ನಾಲ್ಕು ಗಿಡ್ಡ ಕಾಲುಗಳಿವೆ. ಓಡುವಾಗ ಮೈಗೆ ಅಂಟಿಕೊಂಡು ಕಾಣದೆ ಹೋಗುತ್ತವೆ, ಮೋಸವಾಗುವುದೇ ಅಲ್ಲಿ. ನಿಂತಾಗ ಕಣ್ಣು ನೋಡಿರಿ. ಹಾವುರಾಣಿ ರೆಪ್ಪೆ ಮುಚ್ಚಿ ತೆರೆಯುತ್ತದೆ, ಕಣ್ಣಿನ ಹಿಂದೆ ಕಿವಿಯ ತೂತು ಇರುತ್ತದೆ. ಹಾವಿಗೆ ಇವೆರಡೂ ಇಲ್ಲ. ನಾಲಗೆಯನ್ನು ಮಾತ್ರ ನಂಬಬೇಡಿರಿ. ಸೀಳುನಾಲಗೆ ಉಡಕ್ಕೂ ಉಂಟು.

ಕಾಲಿಲ್ಲವೆಂದ ಮಾತ್ರಕ್ಕೆ ಹಾವೆನ್ನಲೂ ಆಗದು. ಇಂಗ್ಲೆಂಡಿನ ಕಾಡುಗಳಲ್ಲಿ ಸ್ಲೋ ವರ್ಮ್ ಎಂಬುದೊಂದಿದೆ. ಹೆಸರಿನಲ್ಲಿ ಹುಳು, ನೋಟಕ್ಕೆ ಹಾವು, ಜಾತಿಯಲ್ಲಿ ಕಾಲಿಲ್ಲದ ಹಲ್ಲಿ! ರೆಪ್ಪೆ ಮಿಟುಕಿಸುತ್ತದೆ, ಹಿಡಿದರೆ ಬಾಲ ಕಳಚಿ ಓಡುತ್ತದೆ. ಅಲ್ಲಿಯವರೂ ಹಾವೆಂದೇ ಕೊಲ್ಲುತ್ತಿದ್ದರು. 1981ರ ಕಾಯಿದೆ ಅದಕ್ಕೆ ರಕ್ಷಣೆ ಕೊಟ್ಟಿತು. ನಮ್ಮ ದೇಶದ 1972ರ ವನ್ಯಜೀವಿ ಕಾಯಿದೆಯಂತೆ ಉಡವನ್ನು ಕೊಲ್ಲುವುದೂ ಹಿಡಿಯುವುದೂ ಅಪರಾಧ.

ಇವನ್ನು ನೋಡಬೇಕಾದರೆ ಬೆಳಗಿನ ಎಳೆಬಿಸಿಲೇ ಸರಿಯಾದ ಹೊತ್ತು. ರಾತ್ರಿಯ ತಂಪಿಗೆ ಮರಗಟ್ಟಿದ ಮೈಯನ್ನು ಕಾಯಿಸಲು ಬಂಡೆಯ ಅಂಚಿಗೆ, ದಾರಿಯ ಬದಿಗೆ ಬರುತ್ತವೆ. ಮೆಲ್ಲಗೆ ನಡೆಯಿರಿ, ನೆರಳು ಅವುಗಳ ಮೇಲೆ ಬೀಳದಿರಲಿ. ಆದರೆ ಕಲ್ಲು, ಬಿದ್ದ ಮರ ಎತ್ತಿ ನೋಡುವ ಚಪಲ ಬೇಡ. ಗರಗಸ ಮಂಡಲವೋ ಕಟ್ಟುಹಾವೋ ಅಡಗಿರಬಹುದು. ಕೊಂಬೆಯನ್ನು ನೋಡದೆ ಹಿಡಿಯಬಾರದು. ಎಲೆಯ ಬಣ್ಣದ ಬಿದಿರು ಮಂಡಲ ಕೈಯೆತ್ತರದಲ್ಲೇ ಸುತ್ತಿಕೊಂಡು ಕೂತಿರುತ್ತದೆ.

ಕಚ್ಚಿದರೆ? ಹಾವು ಕಚ್ಚಿದವನಿಗೆ ರಾತ್ರಿಯಿಡೀ ಮಂತ್ರ ಹಾಕಿಸಿ, ಬೆಳಗಾಗುವುದರೊಳಗೆ ಅವನನ್ನು ಕಳೆದುಕೊಂಡ ಮನೆಗಳನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಕೊಯ್ಯಬಾರದು, ಚೀಪಬಾರದು, ಬಿಗಿಯಾಗಿ ಕಟ್ಟಬಾರದು. ಕಚ್ಚಿದ ಕೈಕಾಲು ಅಲ್ಲಾಡದಂತೆ ಇರಿಸಿ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಕಟ್ಟುಹಾವು ಕಚ್ಚಿದರೆ ನೋವೂ ಬಾವೂ ಇಲ್ಲದಿರಬಹುದು. ಅದನ್ನೇ ನಂಬಿ ಮಲಗಿದವರು ಏಳದೆ ಹೋಗಿದ್ದಾರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಚುಚ್ಚುಮದ್ದು. ಆದ್ದರಿಂದ ಹಾವನ್ನು ಕೊಂದು ಜೊತೆಗೆ ಒಯ್ಯುವ ಸಾಹಸ ಬೇಡ. ಹಾಗೆ ಹೋಗಿ ಎರಡನೆಯವರೂ ಕಚ್ಚಿಸಿಕೊಂಡಾರು.

ಅಂದಹಾಗೆ, ನಮ್ಮ ಮಿತ್ರರು ಕಲ್ಲನ್ನು ಕೆಳಗಿಟ್ಟರು. ಐದು ನಿಮಿಷ ಸದ್ದಿಲ್ಲದೆ ನಿಂತೆವು. ಹಾವುರಾಣಿ ತರಗೆಲೆಯಿಂದ ತಲೆ ಹೊರಹಾಕಿ, ಬಿಸಿಲಿಗೆ ಬಂದು, ಒಮ್ಮೆ ರೆಪ್ಪೆ ಮುಚ್ಚಿ ತೆರೆಯಿತು.