ಸೌಮ್ಯ ಶಾಂಪೂ ಬೇಕೇ? ಬಾಟಲಿಯ ಹಿಂಭಾಗ ಓದಿ

ಮುಂಭಾಗದಲ್ಲಿ ‘ಸಲ್ಫೇಟ್ ಇಲ್ಲ’ ಎಂದು ಬರೆದ ಶಾಂಪೂ ಬಾಟಲಿಯನ್ನು ತಿರುಗಿಸಿದರೆ, ನೀರಿನ ನಂತರದ ಹೆಸರೇ ಸೋಡಿಯಂ ಸಿ14-16 ಒಲೆಫಿನ್ ಸಲ್ಫೊನೇಟ್ ಆಗಿರುವುದುಂಟು. ಅದು ಸಲ್ಫೊನೇಟ್, ಸಲ್ಫೇಟ್ ಅಲ್ಲ. ಹಾಗಾಗಿ ಕಂಪನಿ ಸುಳ್ಳು ಹೇಳಿಲ್ಲ. ಆದರೆ ಜಿಡ್ಡು ತೆಗೆಯುವುದರಲ್ಲಿ ಅದೂ ಸಾಕಷ್ಟು ಬಿರುಸಾದದ್ದೇ. ‘ತೆಂಗಿನಿಂದ ತಯಾರಾದದ್ದು’ ಎಂಬ ಮಾತೂ ಇಷ್ಟೇ. ಚರ್ಮ ಕೆರಳಿಸುವುದಕ್ಕೆ ಹೆಸರಾದ ಸೋಡಿಯಂ ಲಾರಿಲ್ ಸಲ್ಫೇಟನ್ನೂ ತೆಂಗಿನೆಣ್ಣೆಯಿಂದಲೇ ತಯಾರಿಸಬಹುದು, ಸೌಮ್ಯವಾದ ಕೊಕೊ ಗ್ಲುಕೊಸೈಡನ್ನೂ ತಯಾರಿಸಬಹುದು. ಸೌಮ್ಯತೆ ಯಾವುದೋ ಒಂದು ಘಟಕ ಇರುವುದರಲ್ಲಿ ಅಥವಾ ಇಲ್ಲದಿರುವುದರಲ್ಲಿ ಇಲ್ಲ. ಅದನ್ನು ನಿರ್ಧರಿಸುವುದು ಇಡೀ ಮಿಶ್ರಣ, ಅದರ ಸಾಂದ್ರತೆ ಮತ್ತು ಅದು ಚರ್ಮದ ಮೇಲೆ ಇರುವ ಹೊತ್ತು.

ಇದಕ್ಕೆ ಕಾರಣ ತೊಳೆಯುವ ಕ್ರಿಯೆಯಲ್ಲೇ ಇದೆ. ನೊರೆ ಬರಿಸುವ ಅಣುವಿನ ಒಂದು ತುದಿ ನೀರಿಗೆ, ಇನ್ನೊಂದು ತುದಿ ಎಣ್ಣೆಗೆ ಅಂಟುತ್ತದೆ. ಈ ಅಣುಗಳು ಗುಂಪುಗೂಡಿ ಜಿಡ್ಡನ್ನು ಒಳಗೆ ಸೆರೆಹಿಡಿದು ನೀರಿನೊಂದಿಗೆ ಹೊರಡುತ್ತವೆ. ಗುಂಪಿಗೆ ಸೇರದೆ ಬಿಡಿಯಾಗಿ ಉಳಿದವು ಚರ್ಮದ ಹೊರಪದರಕ್ಕೆ ಇಳಿದು, ಅಲ್ಲಿನ ಪ್ರೋಟೀನಿಗೆ ಅಂಟಿ, ತೇವ ಕಾಯುವ ಕೊಬ್ಬಿನಂಶವನ್ನು ಸಡಿಲಿಸುತ್ತವೆ. ಉರಿ, ಬಿಗಿತ, ನವೆಗೆ ಬಹುಪಾಲು ಇದೇ ಕಾರಣ. ಸೋಡಿಯಂ ಲಾರಿಲ್ ಸಲ್ಫೇಟಿಗೆ ಕೊಕಮಿಡೊಪ್ರೊಪೈಲ್ ಬೀಟೈನ್ ಸೇರಿಸಿದಾಗ ತೊಳೆಯುವ ಅಂಶದ ಒಟ್ಟು ಪ್ರಮಾಣ ಹೆಚ್ಚಿದರೂ ಕೆರಳಿಕೆ ಕಡಿಮೆಯಾಗುತ್ತದೆ. ಎರಡೂ ಕೂಡಿ ಗುಂಪು ಕಟ್ಟುವುದರಿಂದ ಬಿಡಿ ಅಣುಗಳು ಕಡಿಮೆ ಉಳಿಯುತ್ತವೆ. ಒಂದೇ ಹೆಸರನ್ನು ಹಿಡಿದು ಬಾಟಲಿಯನ್ನು ತಳ್ಳಿಹಾಕುವುದು ಸರಿಯಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಾಗಾದರೆ ಅಂಗಡಿಯಲ್ಲಿ ಮಾಡಬೇಕಾದ ಮೊದಲ ಕೆಲಸ, ಹಿಂಭಾಗದ ಪಟ್ಟಿಯ ಮೊದಲ ಐದಾರು ಹೆಸರುಗಳನ್ನು ಓದುವುದು. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಶೇ 1ಕ್ಕಿಂತ ಹೆಚ್ಚಿರುವ ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕು. ಅದಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಮುಂಭಾಗದಲ್ಲಿ ಚಿತ್ರವಾಗಿ ಮಿಂಚುವ ಬಾದಾಮಿ, ಜೇನು, ಲೋಳೆಸರಗಳು ಹಿಂಭಾಗದಲ್ಲಿ ಸುಗಂಧದ ಆಚೆ, ಪಟ್ಟಿಯ ಬಾಲದಲ್ಲಿದ್ದರೆ ಅವುಗಳಿಂದ ಹೆಚ್ಚೇನೂ ನಿರೀಕ್ಷಿಸಬೇಡಿ. ಆರಂಭದಲ್ಲೇ ಡೆಸಿಲ್ ಗ್ಲುಕೊಸೈಡ್, ಕೊಕೊ ಗ್ಲುಕೊಸೈಡ್, ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್, ಸೋಡಿಯಂ ಕೊಕೊಯ್ಲ್ ಗ್ಲುಟಮೇಟ್ ಅಥವಾ ಡೈಸೋಡಿಯಂ ಲಾರೆತ್ ಸಲ್ಫೊಸಕ್ಸಿನೇಟ್ ಇದ್ದರೆ ಸಾಮಾನ್ಯವಾಗಿ ಅದು ಮೃದುವಾದ ಉತ್ಪನ್ನ. ಸೋಡಿಯಂ ಲಾರೆತ್ ಸಲ್ಫೇಟ್ ಲಾರಿಲ್‌ಗಿಂತ ಮೃದು. ಅದರ ಬೆನ್ನಿಗೇ ಬೀಟೈನ್ ಇದ್ದರೆ ಆರೋಗ್ಯವಂತ ಚರ್ಮದ ಹೆಚ್ಚಿನವರಿಗೆ ಅದು ಸಾಕು, ದುಬಾರಿ ಬಾಟಲಿಯ ಅಗತ್ಯವಿಲ್ಲ.

ಮುಖಕ್ಕೆ ಆರಿಸುವಾಗ ಪಿಎಚ್ ಕೂಡ ಮುಖ್ಯ. ಚರ್ಮದ ಮೇಲ್ಮೈಯ ಪಿಎಚ್ ಸುಮಾರು 5, ಮಾಮೂಲು ಸೋಪಿನದು 9ರಿಂದ 10. ಸಾಲದ್ದಕ್ಕೆ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಕ್ಯಾಲ್ಸಿಯಂ, ಮೆಗ್ನೀಸಿಯಂ ಜತೆ ಸೇರಿ ಬಿಳಿ ಗಸಿಯಾಗಿ ಚರ್ಮಕ್ಕೆ ಅಂಟುತ್ತದೆ. ಮೇಲೆ ಹೇಳಿದ ಸೌಮ್ಯ ಘಟಕಗಳಿಗೆ ಈ ತೊಂದರೆ ತೀರಾ ಕಡಿಮೆ.

ಇದೆಲ್ಲ ಏಕೆ, ಸೀಗೆಕಾಯಿ, ಅಂಟುವಾಳ ಇಲ್ಲವೇ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ತಲೆಮಾರುಗಳಿಂದ ಬಳಕೆಯಲ್ಲಿರುವ ಅವು ಒಗ್ಗಿದವರು ಬಿಡಬೇಕಾದ ಕಾರಣವಿಲ್ಲ. ಆದರೆ ಅವುಗಳಲ್ಲಿ ತೊಳೆಯುವ ಕೆಲಸ ಮಾಡುವ ಸಪೋನಿನ್ ಕೂಡ ಇದೇ ಬಗೆಯ ಅಣು. ಸೀಗೆಪುಡಿ ಕಣ್ಣಿಗೆ ಬಿದ್ದರೆ ಎಷ್ಟು ಉರಿಯುತ್ತದೆಂದು ಹೇಳಬೇಕಾಗಿಲ್ಲ. ಗಿಡದಿಂದ ಬಂದದ್ದೆಲ್ಲ ಮೃದು ಎಂಬುದು ನಂಬಿಕೆ ಮಾತ್ರ. ನೊರೆ ಕಡಿಮೆಯಾದರೆ ಕೊಳೆ ಹೋಗದು ಎಂಬ ಅನುಮಾನವೂ ಸಹಜ, ಆದರೆ ನೊರೆ ಶುಚಿತ್ವದ ಅಳತೆಯಲ್ಲ. ಎಣ್ಣೆಸ್ನಾನದ ದಿನ ಸೌಮ್ಯ ಶಾಂಪೂವನ್ನು ಎರಡು ಬಾರಿ ಹಾಕಿಕೊಳ್ಳಬೇಕಾದೀತು, ಅಷ್ಟೇ. ತಲೆಹೊಟ್ಟು ಇರುವವರಿಗೆ ಮಾತ್ರ ಸೌಮ್ಯ ಶಾಂಪೂ ಒಂದೇ ಸಾಲದು. ಕೀಟೊಕೊನಝೋಲ್‌ನಂಥ ಔಷಧವಿರುವ ಶಾಂಪೂ ಬೇಕಾಗಬಹುದು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಪ್ರತಿವರ್ಷ ಒಂದು ಅಲರ್ಜಿಕಾರಕದತ್ತ ಗಮನ ಸೆಳೆಯುತ್ತದೆ. 2004ರಲ್ಲಿ ಅದು ಹೆಸರಿಸಿದ್ದು ಕೊಕಮಿಡೊಪ್ರೊಪೈಲ್ ಬೀಟೈನನ್ನು, 2017ರಲ್ಲಿ ಗ್ಲುಕೊಸೈಡ್‌ಗಳನ್ನು. ಎರಡೂ ಸೌಮ್ಯವೆಂದೇ ಹೆಸರಾದವು! ಇಲ್ಲಿ ಕೆರಳಿಕೆ ಬೇರೆ, ಅಲರ್ಜಿ ಬೇರೆ ಎಂದು ತಿಳಿಯಬೇಕು. ಕೆರಳಿಕೆ ಪ್ರಮಾಣ ಮತ್ತು ಸಮಯವನ್ನು ಅವಲಂಬಿಸಿ ಯಾರಿಗೂ ಆಗಬಹುದು. ಅಲರ್ಜಿ ಕೆಲವರಿಗಷ್ಟೇ ಬರುತ್ತದೆ, ಬಂದವರಿಗೆ ಸ್ವಲ್ಪವೇ ಸಾಕು. ಮೊದಲನೆಯದನ್ನು ಪಟ್ಟಿ ಓದಿ ಬಹುಮಟ್ಟಿಗೆ ತಪ್ಪಿಸಬಹುದು. ಎರಡನೆಯದಕ್ಕೆ ನಿಮ್ಮ ಚರ್ಮದ ಮೇಲೆ ಪರೀಕ್ಷಿಸದೆ ಬೇರೆ ದಾರಿಯಿಲ್ಲ.

ಆದ್ದರಿಂದ ಹೊಸ ಶಾಂಪೂ ಅಥವಾ ಫೇಸ್‌ವಾಶನ್ನು ತಂದ ದಿನವೇ ಪೂರ್ತಿ ಬಳಸಬೇಡಿ. ಮುಂದೋಳಿನ ಒಳಬದಿಯಲ್ಲಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ, ತಲೆ ಅಥವಾ ಮುಖದ ಮೇಲೆ ಇಡುವಷ್ಟೇ ಹೊತ್ತು ಬಿಟ್ಟು ತೊಳೆಯಿರಿ. ದಿನಕ್ಕೆರಡು ಬಾರಿಯಂತೆ ಒಂದು ವಾರ ಹೀಗೆ ಮಾಡಿ. ಕೆಂಪಾಗದಿದ್ದರೆ, ನವೆಯಾಗದಿದ್ದರೆ ಬಳಕೆ ಶುರು ಮಾಡಿ. ಶಾಂಪೂವನ್ನು ಅಂಗೈಯಲ್ಲೇ ನೀರು ಬೆರೆಸಿ ತೆಳುಮಾಡಿಕೊಂಡು ನೆತ್ತಿಗೆ ಹಚ್ಚಿ. ಕೂದಲ ತುದಿಗೆ ಇಳಿದು ಬರುವ ನೊರೆಯೇ ಸಾಕು, ಅಲ್ಲಿ ಮತ್ತೆ ಉಜ್ಜಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ಜಾಲಿಸಿ. ಆಮೇಲೂ ನವೆ ಉಳಿದರೆ ಬಾಟಲಿಯ ಮೇಲೆ ಬಾಟಲಿ ಬದಲಿಸುತ್ತ ಹೋಗದೆ ಚರ್ಮತಜ್ಞರನ್ನು ಕಾಣಿ. ಹೋಗುವಾಗ ಶಾಂಪೂವಿನ ಜೊತೆ ಹಲ್ಲುಜ್ಜುವ ಪೇಸ್ಟಿನ ಪಟ್ಟಿಯ ಫೋಟೊವನ್ನೂ ತೆಗೆದುಕೊಂಡು ಹೋಗಿ. ಅದೇ ಬೀಟೈನ್ ಅಲ್ಲಿಯೂ ಇರುವುದುಂಟು.