ಆನ್ಯಾ ಆಂಡರ್ಸನ್: ಪ್ರತಿಭೆ ಮತ್ತು ತಂಡ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಕ್ರೀಡೆಯ ಬಗೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಬಹುಕಾಲ ವ್ಯಾಯಾಮ ಶಿಕ್ಷಕನಾಗಿದ್ದ ನನಗೆ ನೆನಪಾದುದು ಶಾಲೆಯ ಅಂಗಳದಲ್ಲಿಯೇ ರೂಪುಗೊಂಡ ಆಟವೊಂದು. ಅದು ಹ್ಯಾಂಡ್‌ಬಾಲ್. ಇದಕ್ಕೆ ಮೊದಮೊದಲು ನಿಯಮಗಳನ್ನು ಬರೆದವರಲ್ಲಿ ಡೆನ್ಮಾರ್ಕಿನ ಓರ್ಡ್ರುಪ್‌ನ ಶಿಕ್ಷಕ ಹೋಲ್ಗರ್ ನೀಲ್ಸನ್ ಪ್ರಮುಖರು. 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಪಿಸ್ತೂಲು ಹಾಗೂ ಕತ್ತಿವರಸೆ ಸ್ಪರ್ಧೆಗಳಲ್ಲಿ ಪದಕ ಗಳಿಸಿದ್ದ ಅವರು, ತಮ್ಮ ನಿಯಮಗಳನ್ನು 1906ರಲ್ಲಿ ಪ್ರಕಟಿಸಿದರು.

ಇಂದಿನ ಹ್ಯಾಂಡ್‌ಬಾಲ್ ಅಂಗಣ 40 ಮೀಟರ್ ಉದ್ದ, 20 ಮೀಟರ್ ಅಗಲ. ಪ್ರತಿ ತಂಡದಲ್ಲಿ ಗೋಲಿಯೂ ಸೇರಿ 7 ಮಂದಿ. ಆಟ 30 ನಿಮಿಷಗಳ ಎರಡು ಅವಧಿ. ಚೆಂಡನ್ನು ಪುಟಿಸದೆ 3 ಸೆಕೆಂಡಿಗಿಂತ ಹೆಚ್ಚು ಹಿಡಿದಿರುವಂತಿಲ್ಲ, 3 ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ. ಚೆಂಡನ್ನು ಒಬ್ಬರೇ ತಮ್ಮದಾಗಿಸಿಕೊಳ್ಳಲು ಈ ಆಟ ಅವಕಾಶ ಕೊಡುವುದಿಲ್ಲ. ಇಂತಹ ಆಟದಲ್ಲಿ ಅಸಾಧಾರಣ ಪ್ರತಿಭೆಯ ಒಬ್ಬಳು ಆಟಗಾರ್ತಿಯ ಸ್ಥಾನವೇನು? ಇದಕ್ಕೆ ಉತ್ತರ ಆನ್ಯಾ ಆಂಡರ್ಸನ್ ಅವರ ಜೀವನದಲ್ಲಿದೆ.

1969ರಲ್ಲಿ ಓಡೆನ್ಸೆಯಲ್ಲಿ ಜನಿಸಿದ ಆನ್ಯಾ, ನೋಡದೆಯೇ ಬೆನ್ನ ಹಿಂದಿನಿಂದ ಚೆಂಡು ದಾಟಿಸುವುದು, ಮಣಿಕಟ್ಟು ತಿರುವಿ ಗೋಲಿಯನ್ನು ವಂಚಿಸುವುದು ಮೊದಲಾದ ಚಮತ್ಕಾರಗಳಿಗೆ ಹೆಸರಾದರು. ಅಷ್ಟೇ ಪ್ರಸಿದ್ಧವಾಗಿತ್ತು ಅವರ ಮುಂಗೋಪ. ಆದರೆ ತರಬೇತುದಾರ ಉಲ್ರಿಕ್ ವಿಲ್ಬೆಕ್ ಅವರ ಕೈಕೆಳಗೆ ಬೆಳೆದ ರಾಷ್ಟ್ರೀಯ ತಂಡ ಈ ಪ್ರತಿಭೆಗೆ ನೆಲೆಯಾಯಿತು.

ಯಶಸ್ಸು ಒಮ್ಮೆಗೇ ಒಲಿಯಲಿಲ್ಲ. 1993ರ ವಿಶ್ವ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಜರ್ಮನಿ ಹೆಚ್ಚುವರಿ ಅವಧಿಯಲ್ಲಿ 22-21ರಿಂದ, ಒಂದೇ ಗೋಲಿನ ಅಂತರದಲ್ಲಿ, ಡೆನ್ಮಾರ್ಕನ್ನು ಸೋಲಿಸಿತು. ಮರುವರ್ಷವೇ ಡೆನ್ಮಾರ್ಕ್ ಮೊದಲ ಮಹಿಳಾ ಯುರೋಪಿಯನ್ ಪಂದ್ಯಾವಳಿಯನ್ನು ಗೆದ್ದಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ, 1988 ಮತ್ತು 1992ರ ವಿಜೇತ ದಕ್ಷಿಣ ಕೊರಿಯಾವನ್ನು ಹೆಚ್ಚುವರಿ ಅವಧಿಯಲ್ಲಿ 37-33ರಿಂದ ಮಣಿಸಿ ಚಿನ್ನ ಗಳಿಸಿತು. ಅದೇ ವರ್ಷ ಯುರೋಪಿಯನ್ ಪ್ರಶಸ್ತಿಯನ್ನು ಉಳಿಸಿಕೊಂಡಿತು. 1997ರಲ್ಲಿ ಬರ್ಲಿನ್ನಿನಲ್ಲಿ ನಾರ್ವೆಯನ್ನು 33-20ರಿಂದ ಸೋಲಿಸಿ ವಿಶ್ವ ವಿಜೇತ ತಂಡವಾಯಿತು. ಹೀಗೆ ಮೂರು ಕಿರೀಟಗಳೂ ಏಕಕಾಲದಲ್ಲಿ ಡೆನ್ಮಾರ್ಕಿನದಾದವು. ಆ ವರ್ಷದ ವಿಶ್ವದ ಶ್ರೇಷ್ಠ ಆಟಗಾರ್ತಿ ಎಂಬ ಗೌರವ ಆನ್ಯಾ ಅವರಿಗೆ ಸಂದಿತು.

ಕೀರ್ತಿಯ ಉತ್ತುಂಗದಲ್ಲಿ ದೇಹ ಕೈಕೊಟ್ಟಿತು. ಹೃದಯದ ತೊಂದರೆಯಿಂದಾಗಿ 1999ರಲ್ಲಿ, ಕೇವಲ 30ರ ವಯಸ್ಸಿನಲ್ಲಿ, ಅವರು ಆಟವನ್ನು ತೊರೆಯಬೇಕಾಯಿತು. ಅಂಗಣವನ್ನು ಮಾತ್ರ ತೊರೆಯಲಿಲ್ಲ. ಸ್ಲಾಗೆಲ್ಸೆ ಎಂಬ ಸಣ್ಣ ಪಟ್ಟಣದ ತಂಡಕ್ಕೆ ತರಬೇತುದಾರರಾಗಿ, ಅದನ್ನು 2004, 2005 ಮತ್ತು 2007ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ವಿಜೇತ ತಂಡವಾಗಿಸಿದರು. ಚೆಂಡನ್ನು ತಾನು ಹಿಡಿಯಲಾಗದಾಗ ಮತ್ತೊಬ್ಬರ ಕೈಗೆ ದಾಟಿಸಬೇಕೆಂಬ ಆಟದ ನಿಯಮವನ್ನು ಅವರು ಬಾಳಿನಲ್ಲಿಯೂ ಪಾಲಿಸಿದರೆನ್ನಬೇಕು.

ಈ ಕಥೆಯನ್ನು ಇಲ್ಲಿ ಹೇಳಲು ಕಾರಣವಿದೆ. ನಮ್ಮ ಗಡಿನಾಡಿನ ಶಾಲೆಗಳಲ್ಲಿ ಆರು, ಏಳನೆಯ ತರಗತಿಯವರೆಗೆ ಹುಡುಗರನ್ನೂ ಮೀರಿಸಿ ಓಡುತ್ತಿದ್ದ ಹುಡುಗಿಯರು ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಮೈದಾನದ ಅಂಚಿನಲ್ಲಿ ಕುಳಿತುಬಿಡುವುದನ್ನು ನಾನು ವರ್ಷವರ್ಷವೂ ಕಂಡಿದ್ದೇನೆ. "ಇನ್ನು ಆಟ ಸಾಕು" ಎಂಬ ಮನೆಯವರ ಒಂದು ಮಾತು ಅವರ ಕಾಲನ್ನು ಕಟ್ಟಿಹಾಕುತ್ತದೆ. ಡೆನ್ಮಾರ್ಕ್ ಕೂಡ ಜನಸಂಖ್ಯೆಯಲ್ಲಿ ಚಿಕ್ಕ ದೇಶವೇ. ಅದರ ಹೆಣ್ಣುಮಕ್ಕಳ ಗೆಲುವಿಗೆ ನೆರವಾದುದು ಅವರಿಗೆ ಆಡಲು ದೊರೆತ ಅವಕಾಶ. ಎಲ್ಲರೂ ಆನ್ಯಾ ಆಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ಗೆಳತಿಯ ಕೈಗೆ ಸಕಾಲದಲ್ಲಿ ಚೆಂಡು ದಾಟಿಸಲು ಕಲಿತ ಹುಡುಗಿ ಮುಂದೆ ಸಂಸಾರದಲ್ಲಿಯೂ ಉದ್ಯೋಗದಲ್ಲಿಯೂ ಧೈರ್ಯಗೆಡಳು.

ಇಂದು ತಾಯಿ ತಂದೆಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹ ಇಷ್ಟೇ: ಸಂಜೆ ಶಾಲೆ ಬಿಟ್ಟ ಮೇಲೆ ಮಗಳು ಅರ್ಧ ಗಂಟೆ ತಡವಾಗಿ, ಬೆವರಿ ಮನೆಗೆ ಬಂದರೆ ಗದರಿಸಬೇಡಿ. ಎಷ್ಟು ಗೋಲು ಹೊಡೆದೆ, ಎಷ್ಟು ಬಾರಿ ದಾಟಿಸಿಕೊಟ್ಟೆ ಎಂದು ಕೇಳಿ.