ಅಟ್ಟದಿಂದ ಇಳಿದ ಜೀನು

2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಬೆಂಗಳೂರಿನ ಫೌವಾದ್ ಮಿರ್ಜಾ ಕುದುರೆ ಸವಾರಿಯ ಈವೆಂಟಿಂಗ್‌ನಲ್ಲಿ ಎರಡು ಬೆಳ್ಳಿ ಗೆದ್ದ ಮೇಲೆ, ಮಗಳು ಕುದುರೆ ಜಿಗಿಸುವುದನ್ನು ಕಲಿಯಲೇಬೇಕೆಂದು ಹಟ ಹಿಡಿದಳು. 48 ಸಾವಿರ ಕೊಟ್ಟು ಸೆಕೆಂಡ್‌ಹ್ಯಾಂಡ್ ಜಂಪಿಂಗ್ ಸ್ಯಾಡಲ್ ತಂದೆವು. ನಾಲ್ಕು ವರ್ಷದ ನಂತರ ಅವಳು ಓದಲು ಪುಣೆಗೆ ಹೋದಳು. ಜೀನು ಚಾಮರಾಜಪೇಟೆಯ ನಮ್ಮ ಮನೆಯ ಅಟ್ಟ ಸೇರಿತು. ಒಂದು ಮಳೆಗಾಲ ಚರ್ಮಕ್ಕೆ ಬೂಷ್ಟು ಹಿಡಿದದ್ದು ನೋಡಿ ಹೊಟ್ಟೆ ಉರಿಯಿತು. ಒರೆಸಿ, ಎಣ್ಣೆ ಹಚ್ಚಿ, ನಾನೇ ಸವಾರಿ ಶುರುಮಾಡಿದೆ.

ನನಗೆ ಜಿಗಿತದ ಆಸೆಯಿಲ್ಲ. ತಿಂಗಳಿಗೆ 9 ಸಾವಿರ ಪಾಲು ಕೊಟ್ಟು ಹಂಚಿಕೊಂಡ ಕುದುರೆ, ಭಾನುವಾರ ನಂದಿಬೆಟ್ಟದ ಕೆಳಗೆ ದ್ರಾಕ್ಷಿತೋಟಗಳ ನಡುವಿನ ಮಣ್ಣುದಾರಿ, ಅಷ್ಟೇ. ದೂರದ ಸವಾರಿಗೆಂದೇ ಮಾಡಿದ ಜೀನು ವಿಚಾರಿಸಿದರೆ ಆಮದು ಸುಂಕ ಸೇರಿ 1 ಲಕ್ಷ 60 ಸಾವಿರ ಎಂದರು. ಇರುವುದರಲ್ಲೇ ಸಾಗಿಸೋಣ ಎಂದುಕೊಂಡೆ. ಆ ಲೆಕ್ಕ ಸರಿಯಾಗಿಯೇ ಇತ್ತು. ಇದ್ದದ್ದಕ್ಕೆ ಬಿಡಿಗಾಸೂ ಖರ್ಚು ಮಾಡದೆ ಹೊರಟೆನಲ್ಲ, ಎಡವಿದ್ದು ಅಲ್ಲಿ.

ಜಂಪಿಂಗ್ ಜೀನಿನ ಪಕ್ಕದ ಚರ್ಮ ಮುಂದಕ್ಕೆ ಚಾಚಿರುತ್ತದೆ. ರಿಕಾಬು ಗಿಡ್ಡ ಮಾಡಿ, ಮೊಣಕಾಲು ಮುಂದಿಟ್ಟು, ಕುದುರೆ ಹಾರುವಾಗ ಆಸನದಿಂದ ಮೇಲೇಳುವವರಿಗೆ ಆ ಆಕಾರ. ಗಂಟೆಗಟ್ಟಲೆ ಕೂತೇ ಹೋಗುವ ನನ್ನಂಥವರು ರಿಕಾಬು ಉದ್ದ ಬಿಟ್ಟರೆ ಕಾಲು ಮುಂದಕ್ಕೆ, ಸೊಂಟ ಹಿಂದಕ್ಕೆ ಜಾರಿ, ಮೈಭಾರವೆಲ್ಲ ಜೀನಿನ ಹಿಂಭಾಗಕ್ಕೆ ಬೀಳುತ್ತದೆ. ಮೂರು ಗಂಟೆ ಸುತ್ತಿ ಬಂದು ಜೀನು ಇಳಿಸಿದಾಗ ಬೆನ್ನೆಲ್ಲ ಬೆವರಿನಿಂದ ಒದ್ದೆ. ಎರಡು ಕಡೆ ಮಾತ್ರ ಅಂಗೈಯಗಲ ಒಣಗಿತ್ತು. ಬೆವರದೇ ಉಳಿದ ಜಾಗ ಅತಿಯಾಗಿ ಒತ್ತಿದ ಜಾಗವಿರಬಹುದು ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಮುಂದಿನ ವಾರ ಅಲ್ಲೇ ಊತ. ಡಾಕ್ಟರಿಗೆ 4,800. ಎರಡು ತಿಂಗಳು ಜೀನು ಹಾಕುವಂತಿಲ್ಲ, ಪಾಲಿನ 18 ಸಾವಿರ ಕಟ್ಟದೆ ವಿಧಿಯಿಲ್ಲ. ಒಟ್ಟು 22,800. ಆ ಮೂಕಪ್ರಾಣಿಯ ನೋವು ಈ ಲೆಕ್ಕದಲ್ಲಿ ಸೇರಿಲ್ಲ.

ಕುದುರೆ ಸಾಮಾನು ರಿಪೇರಿ ಮಾಡುವ ಹಿರಿಯರೊಬ್ಬರು ಜೀನಿನ ಅಡಿ ಬೆರಳಾಡಿಸಿ, "ಅಮ್ಮಾ, ಒಳಗಿನ ಉಣ್ಣೆ ಗಂಟು ಕಟ್ಟೈತೆ. ನಿಮಗೆ ಮೆತ್ತಗಿದ್ರೂ ಅದಕ್ಕೆ ಕಲ್ಲು ಒತ್ತಿದಂಗೆ" ಅಂದರು. ಕುದುರೆಯ ಬೆನ್ನಿಗೆ ಹೊಂದುವಂತೆ ಹೊಸ ಉಣ್ಣೆ ತುಂಬಿದ್ದಕ್ಕೆ 3,500, ಉಣ್ಣೆಯ ಹಾಸು 6,000, ರಿಕಾಬಿನ ಪಟ್ಟಿ 2,200. ಎಲ್ಲ ಸೇರಿ 11,700. ಇದನ್ನು ಮೊದಲೇ ಕೊಟ್ಟಿದ್ದರೆ ಆ 22,800 ಉಳಿಯುತ್ತಿತ್ತು. ಆದರೆ ಜೀನಿನ ಒಳಚೌಕಟ್ಟೇ ಕುದುರೆಗೆ ಇಕ್ಕಟ್ಟಾಗಿದ್ದರೆ ದಪ್ಪ ಹಾಸು ಇನ್ನಷ್ಟು ಬಿಗಿ ಮಾಡುತ್ತದೆ. ಅಂಥದ್ದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ, ಮಾರಿಬಿಡಿ. ಕೊಳ್ಳುವವರಿದ್ದಾರೆ: ಮಲ್ಲೇಶ್ವರದ ಹುಡುಗನೊಬ್ಬ ನನ್ನ ಜೀನಿಗೆ ಮೊನ್ನೆ 40 ಸಾವಿರ ಕೊಡುತ್ತೇನೆಂದ. ನಾನು ಕೊಡಲಿಲ್ಲ.

ಈಗ ಎರಡು ಗಂಟೆ ಮೀರುವುದಿಲ್ಲ. ಇಳಿಜಾರಿನಲ್ಲಿ ಇಳಿದು ಪಕ್ಕದಲ್ಲೇ ನಡೆಯುತ್ತೇನೆ, ಟೀಗೆ ನಿಂತಾಗ ಹೊಟ್ಟೆಪಟ್ಟಿ ಸಡಿಲಿಸುತ್ತೇನೆ. ಜೀನು ಇಳಿಸಿದೊಡನೆ ಮೊದಲು ಬೆನ್ನು ನೋಡುವುದು. ಊತವಿದ್ದ ಜಾಗದಲ್ಲಿ, ಕಂದು ಮೈಯ ಮೇಲೆ, ನಾಲ್ಕಾರು ಬಿಳಿ ಕೂದಲು ಬಂದಿವೆ.